ಯಾವ ಮೆಮೊರಿ ಅಂತ ಮೊದಲು ಕೇಳ್ರಿ

ಹೋದ ಸಲ ಮಾವಿನ ಉಪ್ಪಿನಕಾಯಿಗೆ ಬೂಜು ಯಾಕ ಹಿಡೀತೈತಿ ಅಂತ ಬರೆದಿದ್ದೆ. ಈ ಸಲ ಕಂಪ್ಯೂಟರ್ ವಿಷಯ. "ಪಿಯುಸಿ ಓದಿದಾಕಿ ಕಂಪ್ಯೂಟರ್ ಪಾಠ ಹೇಳಾಕ ಹೊಂಟಾಳ" ಅಂತ ನಮ್ಮನಿಯವರು ಆಗ್ಲೇ ನಕ್ಕಾರ. ನಗ್ಲಿ ಬಿಡ್ರಿ. ಉಪ್ಪಿನಕಾಯಿ ಕೆಟ್ರ ಮುಂದಿನ ಬ್ಯಾಸಗಿಗೆ ಮತ್ತ ಹಾಕಬಹುದು. ಕಂಪ್ಯೂಟರಿನಾಗ ಹೋದ ಕೆಲವು ವಸ್ತು ಎಷ್ಟು ರೊಕ್ಕ ಕೊಟ್ರೂ ಮತ್ತ ಸಿಗೋದಿಲ್ಲ.

ಈ ತಿಂಗಳು ನಮ್ಮ ಓಣ್ಯಾಗ ಇಬ್ಬರು, ಸಂಡೂರಿನಿಂದ ನಮ್ಮ ನಾದಿನಿ, ಒಟ್ಟು ಮೂರು ಮಂದಿ ನಂಗ ಒಂದೇ ಮಾತು ಕೇಳ್ಯಾರ. "ಕಂಪ್ಯೂಟರ್ ಕೆಲಸ ಮಾಡ್ತಾ ಮಾಡ್ತಾ ನೀಲಿ ಪರದೆ ಬಂದು ಬಂದ್ ಆಗ್ತೈತಿ. ಮೆಮೊರಿ ಪ್ರಾಬ್ಲಂ ಅಂತ ಹೇಳ್ಯಾರ. ಹಳೇ ಫೋಟೋ ಎಲ್ಲಾ ತೆಗೆದು ಹಾಕಿಬಿಡ್ಲೇನು?"

ಬ್ಯಾಡ್ರಿ. ಕೈಮುಗೀತೀನಿ, ಒಂದು ಫೋಟೋನೂ ತೆಗೀಬ್ಯಾಡ್ರಿ. ಯಾಕ ಅಂತ ಹೇಳಬೇಕಂದ್ರ ನಮ್ಮ ಕಂಪ್ಲಿ ಅಕ್ಕನ ಕತಿ ಹೇಳಬೇಕು. ಅಕಿನ್ನ ಕೇಳೇ ಬರಿಯಾಕತ್ತೀನಿ. "ಬರಿ ತಂಗಿ, ನನಗಾದದ್ದು ಇನ್ನೊಬ್ಬಾಕಿಗೆ ಆಗೋದು ಬ್ಯಾಡ" ಅಂದ್ಲು.

2024ರ ಶ್ರಾವಣ ಅದು. ನಮ್ಮ ಭಾವ ತೀರಿಕೊಂಡು ವರ್ಷ ಆಗಿತ್ತು. ಮನ್ಯಾಗ ಭಾವ ತಂದಿಟ್ಟ ಕಂಪ್ಯೂಟರ್ ಒಂದಿತ್ತು. ಭಾವಗ ಫೋಟೋ ಹುಚ್ಚು. ಹುಡುಗ್ರ ಹುಟ್ಟಿದ ದಿನ, ಹಂಪಿ ಜಾತ್ರಿ, ಡ್ಯಾಮಿನಿಂದ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿದ್ದು, ಎಲ್ಲಾ ತೆಗೆದು ವರ್ಷದ ಲೆಕ್ಕದಾಗ ಇಟ್ಟಿದ್ರು. ಅಕ್ಕ ಅದರಾಗೇ ಸಂಘದ ಲೆಕ್ಕ ಬರೀತಿದ್ಲು. ಆ ಕಂಪ್ಯೂಟರ್ ಇದ್ದಕ್ಕಿದ್ದಂಗ ಬಂದ್ ಆಗಾಕ ಶುರು ಆತು. ಒಂದೊಂದು ಸಲ ಎರಡು ತಾಸು ಚಲೋ ನಡೀತಿತ್ತು, ಒಂದೊಂದು ಸಲ ಹತ್ತು ನಿಮಿಷಕ್ಕ ನೀಲಿ ಪರದೆ. ಲೆಕ್ಕದ ಫೈಲ್ ತೆಗೆದ್ರ "ಫೈಲ್ ಕೆಟ್ಟೈತಿ" ಅಂತ ಬರ್ತಿತ್ತು.

ಅಕ್ಕ ಪರಿಚಯದ ಹುಡುಗಗ ಫೋನ್ ಮಾಡಿ ಪರದಿ ಮ್ಯಾಲಿನ ಅಕ್ಷರ ಓದಿ ಹೇಳಿದ್ಲು. ಅವ "ಮೆಮೊರಿ ಪ್ರಾಬ್ಲಂ ಇರಬೇಕು ಅಕ್ಕಾರ" ಅಂದ. ಅವ ಹೇಳಿದ್ದು ಸುಳ್ಳಲ್ಲ. ಆದ್ರ ನಮಗ ಮೆಮೊರಿ ಅಂದ್ರ ಏನು ಗೊತ್ತು? ಫೋನಿನಾಗ "ಮೆಮೊರಿ ಫುಲ್" ಅಂತ ಬರ್ತೈತಿ, ಗುಡ್ ಮಾರ್ನಿಂಗ್ ಫೋಟೋ, ವಿಡಿಯೋ ಅಳಿಸ್ತೀವಿ, ಫೋನ್ ಸರಿ ಹೋಗ್ತೈತಿ. ಅಷ್ಟೇ ಗೊತ್ತು. ಅಕ್ಕನೂ ಹಂಗೇ ತಿಳ್ಕೊಂಡ್ಲು. ಒಂದು ರಾತ್ರಿ ಕುಂತು ಭಾವನ ಫೋಟೋ ಒಂದೊಂದೇ ವರ್ಷದ್ದು ನೋಡಿ, ಅತ್ತು, ಅಳಿಸಿದ್ಲು. ಕಸದ ಬುಟ್ಟಿನೂ ಖಾಲಿ ಮಾಡಿದ್ಲು. ಮರುದಿನ ಮುಂಜಾನೆ ಮತ್ತ ನೀಲಿ ಪರದೆ.

ಆಮ್ಯಾಲ ಅಂಗಡಿಗೆ ಒಯ್ದಳು. ಅಲ್ಲಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿ ಕೊಟ್ರು. ನಾಕು ದಿನಕ್ಕ ಮತ್ತ ಅದೇ ಗೋಳು. "ಹಳೇದಾಗೈತಿ, ಹೊಸದು ತಗೊಳ್ರಿ" ಅಂದ್ರು. ಆವಾಗ ಅಕ್ಕ ನಂಗ ಫೋನ್ ಮಾಡಿದ್ಲು.

ನಾನು ಕಂಪ್ಲಿಗೆ ಹೋಗಿ, ಬೆಂಗಳೂರಿನಾಗಿರೋ ಮಗನ್ನ ಫೋನಿನಾಗ ಇಟ್ಕೊಂಡು, ಆ ಡಬ್ಬಿ ಬಿಚ್ಚಿದೆ. ಒಳಗ ಎರಡು ರ‍್ಯಾಮ್ ಪಟ್ಟಿ ಇದ್ವು. ಒಂದು ಕೆಟ್ಟಿತ್ತು. ತೆಗೆದಿಟ್ಟೆ. ಕಂಪ್ಯೂಟರ್ ಇವತ್ತಿನ ತನಕ ಒಂದು ಸಲನೂ ಬಂದ್ ಆಗಿಲ್ಲ. ಕೆಟ್ಟಿದ್ದು ನನ್ನ ಬೆರಳಿಗಿಂತ ಸ್ವಲ್ಪ ಉದ್ದ ಇರೋ ಪಟ್ಟಿ, ಹೋಗಿದ್ದು ಭಾವನ ಫೋಟೋ. ನಮ್ಮ ಮನಿಯವರ ಫೋನ್, ಬೀಗರ ವಾಟ್ಸ್ಯಾಪ್, ಭಾವನ ಹಳೇ ಫೋನಿನ ಕಾರ್ಡ್ ಹುಡುಕಿ ಸುಮಾರು ಅರ್ಧ ಕೂಡಿಸೀವಿ. ಉಳಿದದ್ದು ಸಿಗಲಿಲ್ಲ.

ಅದಕ್ಕ ನನ್ನ ಮಾತು ಇಷ್ಟೇ. ಯಾರರ "ಮೆಮೊರಿ ಪ್ರಾಬ್ಲಂ" ಅಂದ್ರ "ಯಾವ ಮೆಮೊರಿ?" ಅಂತ ಕೇಳ್ರಿ. ಉತ್ತರ ಸಿಗೋ ತನಕ ಏನೂ ಅಳಿಸಬ್ಯಾಡ್ರಿ, ಫಾರ್ಮ್ಯಾಟ್ ಮಾಡಾಕ ಬಿಡಬ್ಯಾಡ್ರಿ. ಮತ್ತ ಈ ಒಂದು ಪರೀಕ್ಷೆ ಹೆಂಗ ಮಾಡೋದು ಅಂತ ಮನಿ ಹೆಂಗಸರು ಕಲ್ತಿರಬೇಕು.

ಎರಡು ಮೆಮೊರಿ ಹೆಂಗ ಬ್ಯಾರೆ ಅಂತ ಅಡಗಿ ಮನಿ ಲೆಕ್ಕದಾಗ ಹೇಳ್ತೀನಿ. ಹಾರ್ಡ್ ಡಿಸ್ಕ್ ಅಂದ್ರ ಸಾಮಾನು ಇಡೋ ಕೋಲಿ. ಜೋಳ, ಬ್ಯಾಳಿ, ಖಾರದ ಪುಡಿ ಎಲ್ಲಾ ಅಲ್ಲಿರ್ತಾವ. ಕರೆಂಟ್ ಹೋದ್ರೂ ಇರ್ತಾವ. ಫೋಟೋ ಇರೋದು ಅಲ್ಲೇ. ರ‍್ಯಾಮ್ ಅಂದ್ರ ಅಡಗಿ ಕಟ್ಟಿ. ಅಡಗಿ ಮಾಡೋವಾಗ ಕೋಲಿಯಿಂದ ಬೇಕಾದದ್ದು ತಂದು ಕಟ್ಟಿ ಮ್ಯಾಲ ಇಟ್ಕೋತೀವಿ, ಮುಗಿದ ಮ್ಯಾಲ ಕಟ್ಟಿ ಒರೆಸ್ತೀವಿ. ಕಂಪ್ಯೂಟರ್ ಬಂದ್ ಮಾಡಿದ್ರ ರ‍್ಯಾಮಿನಾಗ ಇದ್ದದ್ದು ಎಲ್ಲಾ ಹೋಗ್ತೈತಿ.

ಕೋಲಿ ತುಂಬಿದ್ರ ಸಾಮಾನು ಕಡಿಮಿ ಮಾಡಬೇಕು. ಕಟ್ಟಿ ಸಣ್ಣದಾದ್ರ ಅಡಗಿ ನಿಧಾನ ಆಗ್ತೈತಿ, ಅಂದ್ರ ಕಂಪ್ಯೂಟರ್ ಎಳೀತೈತಿ. ಆದ್ರ ಕಟ್ಟಿ ಕಲ್ಲೇ ಬಿರಿದು ಅಲ್ಲಾಡಾಕತ್ತಿದ್ರ? ಮ್ಯಾಲಿಟ್ಟ ಪಾತ್ರಿ ಯಾವಾಗ ಬೀಳ್ತೈತೋ ಹೇಳಾಕ ಬರೋದಿಲ್ಲ. ಅದಕ್ಕ ಕೋಲಿಯಾಗಿನ ಜೋಳ ಹೊರಗ ಚೆಲ್ಲಿದ್ರ ಏನು ಬಂತು? ಅಕ್ಕ ಮಾಡಿದ್ದು ಅದೇ. ಅಕಿದು ತಪ್ಪಲ್ಲ, ಎರಡಕ್ಕೂ ಒಂದೇ ಹೆಸರು ಹೇಳೋ ರೂಢಿದು ತಪ್ಪು.

ಇನ್ನೊಂದು ಗೊತ್ತಿರಲಿ. ಕೆಟ್ಟ ರ‍್ಯಾಮ್ ಬರೇ ಬಂದ್ ಮಾಡೋದಿಲ್ಲ, ಸುಮ್ನ ತಪ್ಪು ಬರೆದು ಬಿಡ್ತೈತಿ. ನಾಕು ಜಿಬಿ ಪಟ್ಟಿಯಾಗ ಸುಮಾರು 3,400 ಕೋಟಿ ಮನಿ ಇರ್ತಾವ, ಒಂದೊಂದರಾಗ ಸೊನ್ನಿ ಇಲ್ಲಾ ಒಂದು. ಅದರಾಗ ಒಂದು ಮನಿ ಅದಲುಬದಲಾದ್ರೂ ಲೆಕ್ಕ ತಪ್ತೈತಿ. 2003ರಾಗ ಬೆಲ್ಜಿಯಂ ದೇಶದ ಸ್ಕಾರ್ಬೇಕ್ ಅನ್ನೋ ಊರಾಗ ಕಂಪ್ಯೂಟರಿನ ಮ್ಯಾಲ ಓಟು ಹಾಕಿದ್ರು. ಒಬ್ಬ ಅಭ್ಯರ್ಥಿಗೆ 4,096 ಓಟು ಹೆಚ್ಚಿಗಿ ಬಂದಿದ್ವು. ಬರಬೇಕಾದ್ದಕ್ಕಿಂತ ಜಾಸ್ತಿ ಬಂದಾವಲ್ಲ ಅಂತ ತನಿಖಿ ಮಾಡಿದ್ರ, ಪ್ರೋಗ್ರಾಂನಾಗ ತಪ್ಪು ಸಿಗಲಿಲ್ಲ. ಎರಡನ್ನ ಹನ್ನೆರಡು ಸಲ ಗುಣಿಸಿದ್ರ 4,096. ಅಂದ್ರ ಮೆಮೊರಿಯಾಗ ಒಂದೇ ಒಂದು ಸೊನ್ನಿ ಒಂದಾಗಿತ್ತು ಅಂತ ತೀರ್ಮಾನಕ್ಕ ಬಂದ್ರು. ಅಲ್ಲಿ ಪಟ್ಟಿ ಕೆಟ್ಟಿತ್ತು ಅಂತಲ್ಲ, ಆಕಾಶದಿಂದ ಬರೋ ಕಿರಣ ತಾಗಿರಬಹುದು ಅಂದ್ರು. ಯಾವ ಕಾರಣಕ್ಕಾದ್ರೂ ಒಂದು ಮನಿ ತಪ್ಪಿದ್ರ ಎಷ್ಟು ಆಗ್ತೈತಿ ಅಂತ ಹೇಳಾಕ ಬರೆದೆ. ನಮ್ಮ ಸಂಘದ ಸಾಲದ ಲೆಕ್ಕದಾಗ ಹಿಂಗಾದ್ರ ಯಾರ ಮ್ಯಾಲ ಅನುಮಾನ ಬರ್ತೈತಿ? ಲೆಕ್ಕ ಬರಿಯೋ ಹೆಂಗಸಿನ ಮ್ಯಾಲ.

ರ‍್ಯಾಮ್ ಕೆಡೋದು ಅಪರೂಪನೂ ಅಲ್ಲ. ಗೂಗಲ್ ಕಂಪನಿ ತನ್ನ ಸಾವಿರಾರು ಕಂಪ್ಯೂಟರ್ ಎರಡು ವರ್ಷದ ಮ್ಯಾಲ ನೋಡಿ 2009ರಾಗ ಲೆಕ್ಕ ಹೇಳಿತ್ತು. ವರ್ಷಕ್ಕ 100 ಪಟ್ಟಿಯಾಗ 8ಕ್ಕಿಂತ ಹೆಚ್ಚು ಪಟ್ಟಿ ಒಂದಾದ್ರೂ ತಪ್ಪು ಮಾಡ್ತಾವಂತ. ಅಂಥಾ ದೊಡ್ಡ ಯಂತ್ರದಾಗ ತಪ್ಪು ತಿದ್ದೋ ರ‍್ಯಾಮ್ ಇರ್ತೈತಿ. ನಮ್ಮ ಮನಿ ಕಂಪ್ಯೂಟರಿನಾಗ ಸಾಮಾನ್ಯವಾಗಿ ಇರೋದಿಲ್ಲ.

ಈಗ ಪರೀಕ್ಷೆ ಹೆಂಗ ಮಾಡೋದು ಹೇಳ್ತೀನಿ. ಕಂಪ್ಯೂಟರ್ ಇನ್ನೂ ಚಾಲೂ ಆಗ್ತೈತಿ ಅಂದ್ರ ಡಬ್ಬಿ ಬಿಚ್ಚೋದಕ್ಕಿಂತ ಮೊದ್ಲು ಒಂದು ಕೆಲಸ ಐತಿ. ಸ್ಟಾರ್ಟ್ ಒತ್ತಿ, ಹುಡುಕೋ ಜಾಗದಾಗ "ವಿಂಡೋಸ್ ಮೆಮೊರಿ ಡಯಾಗ್ನಸ್ಟಿಕ್" ಅಂತ ಇಂಗ್ಲೀಷಿನಾಗ ಟೈಪ್ ಮಾಡ್ರಿ. ಅದು ವಿಂಡೋಸ್ ಜೊತಿಗೇ ಬಂದಿರ್ತೈತಿ, ರೊಕ್ಕ ಕೊಡಂಗಿಲ್ಲ. ತೆಗೆದಿಟ್ಟ ಕೆಲಸ ಎಲ್ಲಾ ಸೇವ್ ಮಾಡಿ, "ಈಗ್ಲೇ ರೀಸ್ಟಾರ್ಟ್ ಮಾಡಿ ನೋಡು" ಅನ್ನೋದನ್ನ ಒತ್ರಿ. ಕಂಪ್ಯೂಟರ್ ಬಂದ್ ಆಗಿ ನೀಲಿ ಪರದಿ ಮ್ಯಾಲ ಪರೀಕ್ಷೆ ನಡೀತೈತಿ. ಆ ನೀಲಿ ನೋಡಿ ಹೆದರಬ್ಯಾಡ್ರಿ, ಅದು ಕೆಟ್ಟ ನೀಲಿ ಅಲ್ಲ. ಒಲಿ ಮ್ಯಾಲ ಬ್ಯಾಳಿ ಇಟ್ಟು ಬ್ಯಾರೆ ಕೆಲಸ ನೋಡ್ಕೊಳ್ರಿ. ತಪ್ಪು ಸಿಕ್ರ ಅಲ್ಲೇ ಹಾರ್ಡ್‌ವೇರ್ ತೊಂದ್ರೆ ಐತಿ ಅಂತ ಬರೆದು ತೋರಿಸ್ತೈತಿ. ಮುಗಿದ ಮ್ಯಾಲ ತಾನಾಗೇ ಚಾಲೂ ಆಗಿ, ಮೂಲ್ಯಾಗ ಫಲಿತಾಂಶ ಹೇಳ್ತೈತಿ.

ಒಂದೇ ಒಂದು ತಪ್ಪು ತೋರಿಸಿದ್ರೂ ಅದು ತಪ್ಪೇ. "ಸ್ವಲ್ಪ ಐತಿ, ನಡೀತೈತಿ" ಅನ್ನಂಗಿಲ್ಲ. ಆದ್ರ ಏನೂ ತಪ್ಪಿಲ್ಲ ಅಂತ ಬಂದ್ರ ಪೂರಾ ನಂಬಬ್ಯಾಡ್ರಿ. ಕೆಲವು ಪಟ್ಟಿ ಬಿಸಿ ಆದ ಮ್ಯಾಲ ಮಾತ್ರ ಆಟ ಆಡ್ತಾವ. ನಮ್ಮ ಹೊಸಪೇಟಿ ಬ್ಯಾಸಗಿ ಗೊತ್ತಲ್ಲ, ಫ್ಯಾನ್ ಗಾಳಿನೂ ಸುಡ್ತೈತಿ. ಅನುಮಾನ ಇದ್ರ ಮೆಮ್‌ಟೆಸ್ಟ್86 ಅಂತ ಪುಕ್ಕಟೆ ಸಿಗ್ತೈತಿ, ಪೆನ್ ಡ್ರೈವಿಗೆ ಹಾಕಿ ರಾತ್ರಿಯೆಲ್ಲಾ ಓಡಿಸಬೇಕು. ನನ್ನ ಮಗ ಒಂದು ಮಾಡಿ ಕೊಟ್ಟಾನ, ನಮ್ಮ ಮನ್ಯಾಗ ಐತಿ, ಬೇಕಾದವರು ಒಯ್ಯಬಹುದು.

ಕಂಪ್ಯೂಟರ್ ಚಾಲೂನೇ ಆಗ್ದ ಬೀಪ್ ಬೀಪ್ ಅಂತ ಕೂಗಿ ಪರದಿ ಕರ್ರಗಿದ್ರ, ಇಲ್ಲಾ ಪರೀಕ್ಷೆಯಾಗ ತಪ್ಪು ಬಂದಿದ್ರ, ಆವಾಗ ಡಬ್ಬಿ ಬಿಚ್ಚಬೇಕು. ಗ್ಯಾರಂಟಿ ಅವಧಿ ಇನ್ನೂ ಮುಗಿದಿಲ್ಲಂದ್ರ ಬಿಚ್ಚಬ್ಯಾಡ್ರಿ, ಕೊಟ್ಟವರ ಹತ್ರನೇ ಒಯ್ರಿ. ಲ್ಯಾಪ್‌ಟಾಪ್ ಆದ್ರೂ ಒಬ್ಬರು ತಿಳಿದವರನ್ನ ಕೇಳ್ರಿ, ಕೆಲವದರಾಗ ರ‍್ಯಾಮ್ ಬೆಸುಗಿ ಹಾಕಿರ್ತಾರ, ತೆಗಿಯಾಕ ಬರೋದಿಲ್ಲ. ಹಳೇ ಡೆಸ್ಕ್‌ಟಾಪ್ ಆದ್ರ ನಾವೇ ಮಾಡಬಹುದು.

ಬಟನ್ ಬಂದ್ ಮಾಡಿ, ಪ್ಲಗ್ ಕಿತ್ತು ಪಕ್ಕಕ್ಕ ಇಡ್ರಿ. ಪ್ಲಗ್ ತೆಗೆದ ಮ್ಯಾಲ ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡೀರಿ, ಒಳಗುಳಿದ ಕರೆಂಟ್ ಹೋಗ್ತೈತಿ. ಕೈಯಾಗಿನ ಬಂಗಾರದ ಬಳಿ, ಉಂಗುರ ತೆಗೆದಿಡ್ರಿ. ರೇಷ್ಮೆ, ನೈಲಾನ್ ಸೀರಿ ಉಟ್ಟು ಈ ಕೆಲಸ ಬ್ಯಾಡ, ಕಾಟನ್ ಇರಲಿ. ಮೊದ್ಲು ಡಬ್ಬಿಯ ಕಬ್ಬಿಣ ಮುಟ್ರಿ, ಮೈಯಾಗಿನ ಸಣ್ಣ ಕರೆಂಟ್ ಅಲ್ಲಿಗೆ ಹೋಗ್ತೈತಿ. ಮೂಲ್ಯಾಗ ವೈರ್ ಎಲ್ಲಾ ಹೊರಗ ಬರೋ ಒಂದು ಕಬ್ಬಿಣದ ಪೆಟ್ಟಿಗಿ ಇರ್ತೈತಿ, ಅದು ಕರೆಂಟಿನ ಪೆಟ್ಟಿಗಿ, ಎಸ್‌ಎಂಪಿಎಸ್ ಅಂತಾರ. ಅದನ್ನ ಮಾತ್ರ ಯಾವತ್ತೂ ಬಿಚ್ಚಬ್ಯಾಡ್ರಿ, ಪ್ಲಗ್ ಕಿತ್ತ ಮ್ಯಾಲೂ ಅದರಾಗ ಹೊಡಿಯೋ ಅಷ್ಟು ಕರೆಂಟ್ ಉಳಿದಿರ್ತೈತಿ.

ರ‍್ಯಾಮ್ ಪಟ್ಟಿ ಉದ್ದಕ ನಿಂತಿರ್ತಾವ, ತುದಿಗೆ ಕ್ಲಿಪ್ ಇರ್ತಾವ. ಕ್ಲಿಪ್ ಹೊರಗ ಒತ್ತಿದ್ರ ಪಟ್ಟಿ ತಾನೇ ಮ್ಯಾಲ ಬರ್ತೈತಿ. ಅಂಚು ಹಿಡೀರಿ, ಬಂಗಾರದ ಬಣ್ಣದ ಹಲ್ಲು ಮುಟ್ಟಬ್ಯಾಡ್ರಿ. ಎರಡು ಪಟ್ಟಿ ಇದ್ರ ಯಾವುದು ಯಾವುದು ಅಂತ ಮರೀಬಾರ್ದು, ನಾನು ಒಂದರ ಲೇಬಲ್ ಮ್ಯಾಲ ನನ್ನ ಹಣಿ ಬೊಟ್ಟು ಹಚ್ಚಿದ್ದೆ. ಹಲ್ಲಿನ ಮ್ಯಾಲ ಕರ್ರಗ ಕೂತಿದ್ರ ಮಕ್ಕಳ ಪೆನ್ಸಿಲ್ ಅಳಿಸೋ ಬಿಳಿ ರಬ್ಬರಿನಿಂದ ಮೆತ್ತಗ ತಿಕ್ಕಿ, ಒಣ ಕಾಟನ್ ಬಟ್ಟಿಲೆ ಒರೆಸ್ರಿ. ನೀರು ಹಚ್ಚಬ್ಯಾಡ್ರಿ. ಮತ್ತ ಕೂಡಿಸೋವಾಗ ಪಟ್ಟಿಯಾಗಿನ ಕಚ್ಚು, ಗಾಡಿಯಾಗಿನ ಕಚ್ಚು ಹೊಂದಬೇಕು. ಎರಡೂ ಕಡಿ ಸಮ ಒತ್ತಿದ್ರ ಟಕ್ ಅಂತೈತಿ. ಎಷ್ಟೋ ಸಲ ತೆಗೆದು ಒರೆಸಿ ಹಾಕಿದ್ರೇ ಸರಿ ಹೋಗ್ತೈತಿ.

ಹೋಗಲಿಲ್ಲಂದ್ರ ಒಂದೇ ಪಟ್ಟಿ ಹಾಕಿ ಪರೀಕ್ಷೆ ಓಡಿಸ್ರಿ. ಆಮ್ಯಾಲ ಅದನ್ನ ತೆಗೆದು ಅದೇ ಜಾಗದಾಗ ಇನ್ನೊಂದು. ಅಕ್ಕನ ಮನ್ಯಾಗ ಬೊಟ್ಟಿಲ್ಲದ್ದು ಪಾಸ್ ಆತು, ಬೊಟ್ಟಿಂದು ಫೇಲ್. ಒಂದೊಂದು ಸಲ ಎರಡೂ ಪಟ್ಟಿ ಒಂದು ಜಾಗದಾಗ ಫೇಲ್ ಆಗಿ, ಇನ್ನೊಂದು ಜಾಗದಾಗ ಪಾಸ್ ಆಗ್ತಾವ. ಆವಾಗ ಕೆಟ್ಟಿದ್ದು ಪಟ್ಟಿ ಅಲ್ಲ, ಆ ಜಾಗ. ಅದನ್ನ ಬಿಟ್ಟು ನಡೆಸಬಹುದು.

ಕೆಟ್ಟ ರ‍್ಯಾಮ್ ಒಳಗಿರೋ ತನಕ ಫೋಟೋ ಕಟ್ ಮಾಡಿ ಬ್ಯಾರೆ ಕಡಿ ಪೇಸ್ಟ್ ಮಾಡಬ್ಯಾಡ್ರಿ. ಕಾಪಿ ಆಗೋ ದಾರ್ಯಾಗೇ ಕೆಡಬಹುದು. ಕೆಟ್ಟ ಪಟ್ಟಿ ತೆಗೆದ ಮ್ಯಾಲ ಕಾಪಿ ಮಾಡಿ, ತೆಗೆದು ನೋಡಿ ಖಾತ್ರಿ ಮಾಡ್ಕೊಳ್ರಿ. ಅಕಸ್ಮಾತ್ ಏನರ ಅಳಿಸಿಬಿಟ್ಟಿದ್ರ ಆ ಕಂಪ್ಯೂಟರ್ ಕೂಡ್ಲೇ ಬಂದ್ ಮಾಡ್ರಿ. ಹಳೇ ಹಾರ್ಡ್ ಡಿಸ್ಕಿನಾಗ ಅಳಿಸಿದ್ದರ ಮ್ಯಾಲ ಬ್ಯಾರೆ ಬರಿಯೋ ತನಕ ಅದು ಅಲ್ಲೇ ಇರ್ತೈತಿ, ತಿಳಿದವರು ತೆಗೆದು ಕೊಡಬಹುದು. ಅಕ್ಕನ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿದಾಗ ಅಳಿಸಿದ್ದರ ಮ್ಯಾಲೇ ಬರೆದಿತ್ತು. ಫಾರ್ಮ್ಯಾಟಿಗೆ ನನ್ನ ಸಿಟ್ಟು ಇದಕ್ಕೇ.

ಎಲ್ಲಾ ರೋಗಕ್ಕೂ ರ‍್ಯಾಮ್ ಕಾರಣ ಅಂತ ನಾನು ಹೇಳಂಗಿಲ್ಲ. ಸಂಡೂರಿನ ನಾದಿನಿ ಕಂಪ್ಯೂಟರ್ ರಾತ್ರಿಯೆಲ್ಲಾ ಪರೀಕ್ಷೆ ಮಾಡಿದ್ವಿ, ಒಂದೂ ತಪ್ಪು ಬರಲಿಲ್ಲ. ಡಬ್ಬಿ ಬಿಚ್ಚಿದ್ರ ಒಳಗಿನ ಫ್ಯಾನ್ ಮ್ಯಾಲ ಕೆಂಪು ಧೂಳು ಕಂಬಳಿ ಹೊಚ್ಚಿದಂಗ ಕೂತಿತ್ತು. ಗಣಿ ಲಾರಿ ಓಡಾಡೋ ರಸ್ತೆಬದಿ ಮನಿ, ಇನ್ನೇನಾಗ್ತೈತಿ? ಗಾಳಿ ಆಡ್ದ ಕಾದು ಬಂದ್ ಆಗ್ತಿತ್ತು. ಪೇಂಟ್ ಹಚ್ಚೋ ಒಣ ಬ್ರಶ್ಶಿಲೆ ಧೂಳು ತೆಗೆದ್ವಿ, ಸರಿ ಹೋತು. ಕಮಲಾಪುರದಾಗ ನಮ್ಮ ಪರಿಚಯದವರದು ಕರೆಂಟಿನ ಪೆಟ್ಟಿಗಿನೇ ಕೆಟ್ಟಿತ್ತು, ಅದನ್ನ ಅಂಗಡ್ಯಾಗೇ ಬದಲಿ ಮಾಡಿಸಿದ್ರು. ಪರೀಕ್ಷೆ ಮಾಡಿದ್ದಕ್ಕೇ ರ‍್ಯಾಮ್ ಅಲ್ಲ ಅಂತ ಗೊತ್ತಾಗಿ, ಸುಮ್ನ ಹೊಸ ರ‍್ಯಾಮ್ ಕೊಳ್ಳೋದು ತಪ್ಪಿತು.

ಅಕ್ಕನ ಕಂಪ್ಯೂಟರ್ ಕೆಟ್ಟ ತಿಂಗಳೇ ನಮ್ಮ ಡ್ಯಾಮಿನ ಗೇಟ್ ಹೋಗಿದ್ದು ನಿಮಗ ನೆನಪಿರಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಹರಿದು ಗೇಟ್ ಕೊಚ್ಚಿಕೊಂಡು ಹೋತು. ಹೊಸಪೇಟಿ ಮಂದಿ ನಿದ್ದಿ ಮಾಡಲಿಲ್ಲ, ಕಂಪ್ಲಿ ಹೊಳಿದಂಡಿ ಮಂದಿ ಗಂಟುಮೂಟಿ ಕಟ್ಟಿ ಕುಂತಿದ್ರು. ಇದ್ದದ್ದು 33 ಗೇಟು, ಕೆಟ್ಟಿದ್ದು ಒಂದು. ಯಾವುದು ಕೆಟ್ಟೈತಿ ಅಂತ ನೋಡಿ, ಭಾರ ಇಳಿಸಾಕ ಉಳಿದ ಗೇಟು ತೆಗೆದು, ಆ ಒಂದು ಕಿಂಡಿಗೆ ಸ್ಟಾಪ್‌ಲಾಗ್ ಇಳಿಸಿ ವಾರದಾಗ ನೀರು ನಿಲ್ಲಿಸಿದ್ರು. ಯಾರೂ ಡ್ಯಾಮೇ ಒಡೆದು ಹೊಸದು ಕಟ್ರಿ ಅನ್ನಲಿಲ್ಲ. ಆಮ್ಯಾಲ ತಿಳಿದವರು ಪರೀಕ್ಷೆ ಮಾಡಿ, ಎಪ್ಪತ್ತು ವರ್ಷದ ಹಳೇ ಗೇಟು ಎಲ್ಲಾ ಬದಲಿ ಮಾಡಬೇಕು ಅಂತ ತೀರ್ಮಾನ ಆತು. ಅದೂ ಸರಿನೇ. ನೋಡಿ, ತೂಗಿ, ಆಮ್ಯಾಲ ಬದಲಿ. ನಮ್ಮ ಮನಿ ಕಂಪ್ಯೂಟರಿಗೂ ಅಷ್ಟೇ ನ್ಯಾಯ ಬೇಕು.

ಅಂಗಡಿಯವರ ಮ್ಯಾಲ ನಂಗೇನು ದ್ವೇಷ ಇಲ್ಲ. ದಿನಕ್ಕ ಹತ್ತು ಯಂತ್ರ ಬಂದ್ರ ಒಂದೊಂದಕ್ಕ ರಾತ್ರಿಯೆಲ್ಲಾ ಪರೀಕ್ಷೆ ಮಾಡಾಕ ಅವರಿಗೆ ಪುರಸೊತ್ತೆಲ್ಲಿ? ಫಾರ್ಮ್ಯಾಟ್ ಒಂದು ತಾಸಿನ ಕೆಲಸ. ಆದ್ರ ನಮಗ ರಾತ್ರಿ ಐತಿ, ಮನಿ ಐತಿ. ನಾವೇ ಪರೀಕ್ಷೆ ಮಾಡಿ, ಫಲಿತಾಂಶದ ಫೋಟೋ ಫೋನಿನಾಗ ತಗೊಂಡು ಹೋದ್ರ ಮಾತೇ ಬ್ಯಾರೆ ಆಗ್ತೈತಿ. "ಅಣ್ಣಾರ, ಈ ಪಟ್ಟಿ ಕೆಟ್ಟೈತಿ, ಇಂಥಾದ್ದೇ ಕೊಡ್ರಿ" ಅಂತ ಕೈಯಾಗಿಟ್ರ ಯಾರೂ ಹೊಸ ಕಂಪ್ಯೂಟರ್ ತೋರಿಸೋದಿಲ್ಲ. ಡಿಡಿಆರ್3, ಡಿಡಿಆರ್4 ಅಂತ ಬ್ಯಾರೆ ಬ್ಯಾರೆ ತಳಿ ಇರ್ತಾವ, ಒಂದರ ಜಾಗಕ್ಕ ಇನ್ನೊಂದು ಕೂಡೋದಿಲ್ಲ, ಅದಕ್ಕ ಹಳೇ ಪಟ್ಟಿ ಒಯ್ಯಲೇಬೇಕು. ಲೇಬಲ್ ಕೀಳಬ್ಯಾಡ್ರಿ, ಕೆಲವು ಕಂಪನಿ ರ‍್ಯಾಮಿಗೆ ಬಹಳ ವರ್ಷ ಗ್ಯಾರಂಟಿ ಕೊಟ್ಟಿರ್ತಾವ. 2025ರ ಕೊನಿಗೆ ರ‍್ಯಾಮ್ ರೇಟು ಬ್ಯಾರೆ ಮ್ಯಾಲ ಹೋತು. ಎಐ ಯಂತ್ರಗಳಿಗೇ ಎಲ್ಲಾ ಮೆಮೊರಿ ಹೋಗಾಕತ್ತೈತಂತ. ಹಿಂಗಿರೋವಾಗ ಚಲೋ ಇರೋ ಪಟ್ಟಿ ಬಿಸಾಕೋದು ಶ್ಯಾಣ್ಯಾತನ ಅಲ್ಲ.

"ಮಗ ಬರ್ಲಿ, ಅವರು ಬರ್ಲಿ" ಅಂತ ಕಾಯ್ತೀವಲ್ಲ, ಅದನ್ನೂ ಸ್ವಲ್ಪ ಬಿಡೋಣು. ಕುಕ್ಕರಿನ ಗ್ಯಾಸ್ಕೆಟ್ ಬದಲಿ ಮಾಡ್ತೀವಿ, ಮಿಕ್ಸರ್ ಜಾರಿನ ಬ್ಲೇಡ್ ಬಿಚ್ತೀವಿ, ಹೊಲಿಗಿ ಯಂತ್ರದ ಬಾಬಿನ್ ಕೇಸ್ ಸರಿ ಮಾಡ್ತೀವಿ. ರ‍್ಯಾಮ್ ಪಟ್ಟಿ ಅದಕ್ಕಿಂತ ಹಗುರ. ಅಕ್ಕಗ ಆ ರಾತ್ರಿ ಒಬ್ಬಾಕಿ, ಇಷ್ಟು ಗೊತ್ತಿದ್ದ ಒಬ್ಬಾಕಿ, ಪಕ್ಕದ ಮನ್ಯಾಗ ಇದ್ದಿದ್ರ ಸಾಕಿತ್ತು.

ಅದಕ್ಕ ಇವತ್ತು ಸಂಜಿಗೇ ಒಂದು ಕೆಲಸ ಮಾಡ್ರಿ. ಕಂಪ್ಯೂಟರ್ ಚಲೋ ಇದ್ರೂ ಬೇಕಾದ ಫೋಟೋ, ಲೆಕ್ಕ ಎಲ್ಲಾ ಒಂದು ಪೆನ್ ಡ್ರೈವಿಗೋ ಹೊರಗಿನ ಹಾರ್ಡ್ ಡಿಸ್ಕಿಗೋ ಕಾಪಿ ಮಾಡಿ, ಬಂಗಾರ ಇಡೋ ಕಡಿ ಇಡ್ರಿ. ಇನ್ನೊಂದು ಕಾಪಿ ತವರುಮನ್ಯಾಗೋ ಮಗಳ ಮನ್ಯಾಗೋ ಇರಲಿ.

ಅಕ್ಕ ಈಗ ಭಾವನ ಉಳಿದ ಫೋಟೋ ಮೂರು ಕಡಿ ಇಟ್ಟಾಳ. ಒಂದು ನಮ್ಮ ಮನ್ಯಾಗ, ನನ್ನ ಕಪಾಟಿನಾಗ ಐತಿ. ಆ ಕೆಟ್ಟ ಪಟ್ಟಿನೂ ಬೊಟ್ಟಿನ ಸಮೇತ ಅಲ್ಲೇ ಐತಿ. ಯಾರರ ಬಂದ್ರ ತೋರಿಸ್ತೀನಿ, ರ‍್ಯಾಮ್ ಅಂದ್ರ ಹೆಂಗಿರ್ತೈತಿ ಅಂತ. ಬರ್ರಿ, ಚಾ ಕುಡೀತಾ ನೋಡೋಣು.